ಗ್ರಬ್ ಕೆಟ್ಟ ಲ್ಯಾಪ್‌ಟಾಪನ್ನು ಮೊದಲಿನಂತೆ ಮಾಡುವ ಬಗೆ

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಹೋಗಿ ನಾನು ಪಟ್ಟ ಪಾಡು ಬೇಗಂ ಬಜಾರಿನ ಕೆಲವು ವಾಚಕರಿಗೆ ತಿಳಿದೇ ಇದೆ. ಲಿನಕ್ಸ್ ಸರಿಯಾಗಿ ಕೂಡಲಿಲ್ಲವೆಂದು ಅದರ ಪಾಲನ್ನು ಅಳಿಸಿಬಿಟ್ಟೆ. ಮತ್ತೆ ಯಂತ್ರ ಹಚ್ಚಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್’ ಎಂಬ ಒಂದೇ ಮಾತು! ವಾಚನಾಲಯದ ಪುಸ್ತಕಗಳ ಪಟ್ಟಿಯೆಲ್ಲ ಅದರೊಳಗಿತ್ತು, ಬೇರೆ ಪ್ರತಿಯಿರಲಿಲ್ಲ.

ಗ್ರಬ್ ಎಂಬುದು ಯಾವ ವ್ಯವಸ್ಥೆಯನ್ನು ತೆರೆಯಬೇಕೆಂದು ಕೇಳುವ ಬಾಗಿಲ ಕಾವಲುಗಾರ. ಅವನ ಕಡತಗಳು ಲಿನಕ್ಸಿನ ಪಾಲಿನಲ್ಲಿರುತ್ತವೆ. ಆ ಪಾಲು ಹೋದರೆ ಅವನಿಗೆ ದಾರಿ ತೋರದು. ವಿಂಡೋಸ್ ಮಾತ್ರ ಇದ್ದಲ್ಲೇ ಇರುತ್ತದೆ. ಆದುದರಿಂದ ಗಾಬರಿಯಲ್ಲಿ ಎಲ್ಲವನ್ನೂ ಅಳಿಸತಕ್ಕದ್ದಲ್ಲ. ಯಂತ್ರ ಹಚ್ಚಿದೊಡನೆ ಡೆಲ್, ಲೆನೊವೊಗಳಲ್ಲಿ ಎಫ್ 12, ಎಚ್‌ಪಿಯಲ್ಲಿ ಎಫ್ 9 ಒತ್ತಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದರೆ ಬಹುಮಟ್ಟಿಗೆ ವಿಂಡೋಸ್ ತೆರೆಯುತ್ತದೆ. 48 ಅಂಕಿಗಳ ಬಿಟ್‌ಲಾಕರ್ ಕೀಲಿ ಕೇಳಿದರೆ ಅದನ್ನು ನಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಬೇಕು.

ತೆರೆದೊಡನೆ ಮೊದಲ ಕೆಲಸ, ಕಡತಗಳನ್ನು ಪೆನ್‌ಡ್ರೈವಿಗೆ ನಕಲು ಮಾಡುವುದು. ಅನಂತರವೇ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ರಿಸೆಟ್ ದಿಸ್ ಪಿಸಿ’. ‘ಕೀಪ್ ಮೈ ಫೈಲ್ಸ್’ ಎಂದರೂ ನಾವು ಹಾಕಿಕೊಂಡ ತಂತ್ರಾಂಶಗಳು ಹೋಗುತ್ತವೆ. ನನ್ನ ‘ನುಡಿ’ಯೂ ಹೋಯಿತು. ನುಡಿಯ ಹಳೆಯ ಅಕ್ಷರಗಳಲ್ಲಿದ್ದ ಪಟ್ಟಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎದೆ ಮತ್ತೊಮ್ಮೆ ಧಸಕ್ಕೆಂದಿತು. ನುಡಿಯನ್ನು ಪುನಃ ಹಾಕಿದ ಮೇಲೆ ಕನ್ನಡ ಮೂಡಿತು.

ರಿಸೆಟ್ ಮಾಡಿದ ಮಾತ್ರಕ್ಕೆ ಲಿನಕ್ಸಿನ ಖಾಲಿ ಜಾಗ ವಿಂಡೋಸಿಗೆ ಸೇರದು. ‘ಡಿಸ್ಕ್ ಮ್ಯಾನೇಜ್‌ಮೆಂಟ್’ನಲ್ಲಿ ನಾವೇ ಸೇರಿಸಬೇಕು. ಅಲ್ಲಿ ‘ರಿಕವರಿ’ ಎಂಬ ಚಿಕ್ಕ ಪಾಲನ್ನು ಮುಟ್ಟಬಾರದು. ಅದನ್ನೂ ಅಳಿಸಿದವರು ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸನ್ನು 8 ಜಿಬಿಯ ಬೇರೊಂದು ಪೆನ್‌ಡ್ರೈವಿಗೆ ಇಳಿಸಿಕೊಂಡು ಹೊಸದಾಗಿ ಹಾಕಬೇಕಾದೀತು.