ಮನೆಯಲ್ಲಿ ಪೂರ್ತಿಯಾದ ಶಸ್ತ್ರಚಿಕಿತ್ಸೆ

ದೊಡ್ಡ ಕರುಳನ್ನು ಇಡಿಯಾಗಿ ತೆಗೆದರೂ ಮನುಷ್ಯ ಬದುಕುತ್ತಾನೆ. ಉಂಡದ್ದರ ಸತ್ವವನ್ನು ಬಹುಪಾಲು ಹೀರಿಕೊಳ್ಳುವುದು ಸಣ್ಣ ಕರುಳು. ಅಲ್ಸರೇಟಿವ್ ಕೊಲೈಟಿಸ್ ಎಂಬ ಹುಣ್ಣಿನ ಕಾಯಿಲೆ ಔಷಧಕ್ಕೆ ಬಗ್ಗದೆ ಹೋದಾಗ ಶಸ್ತ್ರವೈದ್ಯರು ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೂತು ಮಾಡಿ ಹೊರಗೆ ತಂದು ಹೊಲಿಯುತ್ತಿದ್ದರು. ಇದೇ ಇಲಿಯೋಸ್ಟೊಮಿ. ಜೀವ ಉಳಿಯುತ್ತಿತ್ತು, ನೆಮ್ಮದಿ ಉಳಿಯುತ್ತಿರಲಿಲ್ಲ. ಆ ತೂತಿಗೆ ತಡೆದು ಹಿಡಿಯುವ ಸ್ನಾಯುವಿಲ್ಲ. ಹಗಲಿರುಳೆನ್ನದೆ ನೀರಾದ ಮಲ ಒಸರುತ್ತದೆ, ಅದರಲ್ಲಿರುವ ಜೀರ್ಣರಸ ಸುತ್ತಲಿನ ಚರ್ಮವನ್ನು ಸುಡುತ್ತದೆ.

1952ರಲ್ಲಿ ಇಂಗ್ಲೆಂಡಿನ ಬ್ರಯಾನ್ ಬ್ರೂಕ್ ಕರುಳಿನ ತುದಿಯನ್ನು ಹೊರಮಗ್ಗುಲಿಗೆ ಮಡಚಿ ಹೊಲಿಯುವ ರೀತಿ ತೋರಿಸಿಕೊಟ್ಟರು. 1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸೆ ಸೋರೆನ್ಸನ್, ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯಿಂದ ಹೊರಗೆ ಕಾಲಿಡಲು ಅಂಜುತ್ತಿದ್ದ ತಮ್ಮ ಸಹೋದರಿಯ ಸಂಕಟ ನೋಡಲಾರದೆ, ಚರ್ಮಕ್ಕೆ ಅಂಟಿಕೊಳ್ಳುವ ಚೀಲವನ್ನು ಕಲ್ಪಿಸಿದರು. ಎರಡೂ ದೊಡ್ಡ ಉಪಕಾರಗಳೇ. ಆದರೂ ಚೀಲ ಹೊಟ್ಟೆಯ ಮೇಲೆ ನೇತಾಡುವುದು ತಪ್ಪಲಿಲ್ಲ.

ಆ ಚೀಲವನ್ನು ಹೊಟ್ಟೆಯ ಒಳಗೇ ಕಟ್ಟಬಹುದೇ ಎಂದು ಕೇಳಿದವರು ನಿಲ್ಸ್ ಕಾಕ್. ಫಿನ್ಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ. ಕರುಳಿನ ಚಲನೆಯ ಮೇಲೆ ಸಂಶೋಧನೆ ನಡೆಸಿದ್ದವರು. ಅವರು ಮೊದಲು ತಲೆಕೆಡಿಸಿಕೊಂಡದ್ದು ಮಲದ ಬಗ್ಗೆಯಲ್ಲ, ಮೂತ್ರದ ಬಗ್ಗೆ. ಮೂತ್ರಕೋಶಕ್ಕೆ ಬದಲಿಯಾಗಿ ಕರುಳಿನ ತುಂಡನ್ನು ಬಳಸಲು ಹೋದಾಗ ಒಂದು ತೊಡಕು ಎದುರಾಗಿತ್ತು. ಕರುಳು ತನ್ನಲ್ಲಿರುವುದನ್ನು ಮುಂದಕ್ಕೆ ನೂಕುವ ಅಂಗ. ಕೊಳವೆಯ ರೂಪದಲ್ಲೇ ಬಿಟ್ಟರೆ ಅದು ಅಲೆಅಲೆಯಾಗಿ ಹಿಂಡುತ್ತಲೇ ಇರುತ್ತದೆ, ಸಂಗ್ರಹಿಸಿಡಲು ಒಪ್ಪುವುದಿಲ್ಲ.

ಕಾಕ್ ಆ ಕೊಳವೆಯನ್ನು ಉದ್ದುದ್ದಕ್ಕೆ ಸೀಳಿ ಹಾಳೆಯಾಗಿ ಬಿಡಿಸಿದರು. ಅದನ್ನು ಮಡಚಿ, ಮತ್ತೆ ಅಡ್ಡಕ್ಕೆ ಮಡಚಿ ಚೀಲವಾಗಿ ಹೊಲಿದರು. ಈಗ ಒಂದು ಬದಿಯ ಸ್ನಾಯು ಹಿಂಡಿದರೆ ಇನ್ನೊಂದು ಬದಿಯದು ಅದಕ್ಕೆ ಎದುರಾಗಿ ಎಳೆಯುತ್ತದೆ, ಅಲೆಗೆ ದಿಕ್ಕೇ ತಪ್ಪುತ್ತದೆ. ಅದೇ ಕರುಳು ಕೊಳವೆಯಾಗಿದ್ದಾಗ ಹಿಡಿಯುತ್ತಿದ್ದುದಕ್ಕಿಂತ ಎಷ್ಟೋ ಹೆಚ್ಚು ಹಿಡಿಯುತ್ತದೆ, ಒಳಗಿನ ಒತ್ತಡವೂ ಇಳಿಯುತ್ತದೆ. ಈ ಯುಕ್ತಿಯನ್ನು ಅವರು ಇಲಿಯೋಸ್ಟೊಮಿಗೆ ತಂದರು. 1969ರಲ್ಲಿ ಐವರು ರೋಗಿಗಳ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಜಗತ್ತು ಅದನ್ನು ಕಾಕ್ ಪೌಚ್ ಎಂದು ಕರೆಯಿತು.

ಚೀಲವೇನೋ ಆಯಿತು, ಬಾಯಿ ಮುಚ್ಚುವುದು ಹೇಗೆ? ಹೊಟ್ಟೆಯ ಗೋಡೆಯ ಸ್ನಾಯು ಬಿಗಿಹಿಡಿದೀತು ಎಂಬುದು ಮೊದಲ ನಿರೀಕ್ಷೆ. ಅದು ನಂಬುವಂತಿರಲಿಲ್ಲ. ಕೊನೆಗೆ ಕೈಹಿಡಿದದ್ದು 1970ರ ದಶಕದ ಆರಂಭದಲ್ಲಿ ಬಂದ ಕವಾಟ. ಅಂಗಿಯ ತೋಳನ್ನು ಒಳಕ್ಕೆ ಎಳೆದುಕೊಂಡ ಹಾಗೆ, ಹೊರದಾರಿಯ ಕರುಳನ್ನು ಚೀಲದೊಳಕ್ಕೇ ಮಡಚಿ ಮೊಲೆತೊಟ್ಟಿನಂತೆ ನಿಲ್ಲಿಸುವುದು. ಚೀಲ ತುಂಬುತ್ತಿದ್ದಂತೆ ಒಳಗಿನ ಒತ್ತಡ ಆ ತೊಟ್ಟನ್ನು ಸುತ್ತಲಿಂದ ಅದುಮುತ್ತದೆ. ತುಂಬಿದಷ್ಟೂ ಬಾಯಿ ಬಿಗಿಯುತ್ತದೆ. ಖಾಲಿ ಮಾಡಬೇಕೆಂದರೆ ಹೊರಗಿನಿಂದ ಕ್ಯಾತೆಟರ್ ಎಂಬ ಮೆತ್ತನೆಯ ನಳಿಕೆ ತೂರಿಸಲೇಬೇಕು.

ಇಲ್ಲಿಂದ ಮುಂದಿನ ಕೆಲಸ ರೋಗಿಯ ಕೈಗೆ ಬಂತು. ಹೊಸ ಚೀಲ ಚಿಕ್ಕದು, ಹೊಲಿಗೆ ಹಸಿ. ಹಾಗಾಗಿ ಮೊದಲ ಕೆಲವು ವಾರ ನಳಿಕೆ ಒಳಗೇ ಇದ್ದು ಸದಾ ಸುರಿಯುತ್ತಿರಬೇಕು. ಅದು ಕಟ್ಟಿಕೊಳ್ಳದಂತೆ ಆಗಾಗ ಸ್ವಲ್ಪ ನೀರು ಹಾಯಿಸುತ್ತಾರೆ. ನಳಿಕೆ ತೆಗೆದ ಮೇಲೆ ಮೊದಮೊದಲು ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಎದ್ದು ಕೂಡ, ಖಾಲಿ ಮಾಡಬೇಕು. ವೈದ್ಯರು ಹೇಳಿದಂತೆ ನಡುವಿನ ಅವಧಿಯನ್ನು ಹಂತಹಂತವಾಗಿ ಹೆಚ್ಚಿಸುತ್ತ ಹೋದರೆ ಚೀಲವೂ ಹಿಗ್ಗುತ್ತದೆ. ಕೆಲವು ತಿಂಗಳಲ್ಲಿ ಅರ್ಧ ಲೀಟರಿನಷ್ಟು, ಅದಕ್ಕಿಂತ ಹೆಚ್ಚೂ ಹಿಡಿಯಬಲ್ಲದು. ಆಗ ದಿನಕ್ಕೆ ಮೂರು ನಾಲ್ಕು ಸಲ ಸಾಕು. ಅವಸರಪಟ್ಟು ತಡೆದಿಟ್ಟುಕೊಂಡರೆ ಹೊಲಿಗೆಗೂ ಕವಾಟಕ್ಕೂ ಅಪಾಯ.

ಕ್ರಮ ಕಷ್ಟದ್ದಲ್ಲ. ಕೈ ತೊಳೆದು, ನಳಿಕೆಯ ತುದಿಗೆ ನೀರಿನಲ್ಲಿ ಕರಗುವ ಜೆಲ್ ಸವರಿ, ಕಮೋಡಿನ ಮೇಲೆ ಕೂತು ಮೆಲ್ಲಗೆ ಒಳಗೆ ಬಿಡಬೇಕು. ಕೆಲವು ಸೆಂಟಿಮೀಟರ್ ಹೋದ ಮೇಲೆ ಕವಾಟ ತಡೆಯುತ್ತದೆ. ಉಸಿರನ್ನು ನಿಧಾನವಾಗಿ ಬಿಟ್ಟು ಹೊಟ್ಟೆ ಸಡಿಲಿಸಿದರೆ ನಳಿಕೆ ತಾನಾಗಿ ಜಾರುತ್ತದೆ, ಗಾಳಿ ಹೊರಬರುತ್ತದೆ, ಹಿಂದೆಯೇ ಮಲ. ಗಟ್ಟಿಯಾಗಿದ್ದರೆ ಸಿರಿಂಜಿನಿಂದ ಸ್ವಲ್ಪ ಉಗುರುಬೆಚ್ಚಗಿನ ನೀರು ಬಿಟ್ಟು ತೆಳುವಾಗಿಸಬೇಕು. ಮುಗಿದ ಮೇಲೆ ನಳಿಕೆಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿಟ್ಟು, ಹೊಟ್ಟೆಯ ಮೇಲಿನ ತೂತಿಗೆ ಸಣ್ಣ ಬಟ್ಟೆಯ ಪ್ಯಾಡ್ ಇಟ್ಟರೆ ಆಯಿತು. ಸೊಂಟದಲ್ಲಿ ಚೀಲವಿಲ್ಲ.

ನಳಿಕೆಯ ಕಣ್ಣು ಸಣ್ಣದು, ಆದ್ದರಿಂದ ಊಟದಲ್ಲಿ ನಾರು ಶತ್ರು. ಅಣಬೆ, ಮೆಕ್ಕೆಜೋಳ, ಕಿತ್ತಳೆ ತೊಳೆಯ ಬಿಳಿನಾರು, ಸರಿಯಾಗಿ ಅಗಿಯದ ಬೀಜಗಳು ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತವೆ. ನಮ್ಮ ಅಡುಗೆಮನೆಯಲ್ಲಾದರೆ ಬಾಳೆದಿಂಡು, ನುಗ್ಗೆಕಾಯಿಯ ನಾರು ಈ ಪಟ್ಟಿಗೆ ಸೇರುತ್ತವೆ. ದೊಡ್ಡ ಕರುಳಿಲ್ಲದ ದೇಹ ನೀರನ್ನೂ ಉಪ್ಪನ್ನೂ ಹೆಚ್ಚು ಕಳೆದುಕೊಳ್ಳುತ್ತದೆ, ಬೇಸಿಗೆಯಲ್ಲಿ ಮತ್ತಷ್ಟು.

ಶಸ್ತ್ರವೈದ್ಯರು ತಮ್ಮ ಕೆಲಸದ ದೋಷಗಳನ್ನು ಕಲಿತದ್ದೂ ಮನೆಗಳಿಂದಲೇ. ನಿನ್ನೆ ಸರಾಗವಾಗಿ ಹೋಗುತ್ತಿದ್ದ ನಳಿಕೆ ಇಂದು ತಡೆಯುತ್ತದೆ, ಅಥವಾ ಒಣಗಿರುತ್ತಿದ್ದ ಪ್ಯಾಡ್ ನೆನೆಯುತ್ತದೆ ಎಂದು ರೋಗಿಗಳು ಹೇಳಿಕೊಂಡು ಬಂದಾಗ, ಒಳಗೆ ಮಡಚಿದ ಕವಾಟ ಬಿಚ್ಚಿಕೊಂಡು ಜಾರಿರುವುದು ತಿಳಿಯುತ್ತಿತ್ತು. ಈ ಚಿಕಿತ್ಸೆಯ ಅತಿ ದೊಡ್ಡ ಕಾಟ ಇದೇ. ಇದನ್ನು ತಡೆಯಲು ಸ್ಟೇಪಲ್ ಬಂದಿತು, ಜಾಲರಿ ಬಂದಿತು. ಜಾಲರಿ ಕರುಳನ್ನು ಕೊರೆದು ಬೇರೆ ತೊಂದರೆ ತಂದಿತು. ಅಮೆರಿಕದ ವಿಲಿಯಂ ಬಾರ್ನೆಟ್ ಕರುಳಿನ ತುಂಡನ್ನೇ ಕವಾಟದ ಸುತ್ತ ಕೊರಳಪಟ್ಟಿಯಾಗಿ ಸುತ್ತಿದರು. ಕವಾಟದ್ದಲ್ಲದ ಇನ್ನೊಂದು ಕಾಟವೂ ಇದೆ. ಏಕಾಏಕಿ ಭೇದಿಯಂತೆ ಸುರಿತ, ಹೊಟ್ಟೆನುಲಿತ, ಜ್ವರ ಬಂದರೆ ಅದು ಚೀಲದ ಉರಿಯೂತವಾದ ಪೌಚೈಟಿಸ್ ಇರಬಹುದು. ಆ್ಯಂಟಿಬಯಾಟಿಕ್ಕಿಗೆ ಅದು ಬಹುಮಟ್ಟಿಗೆ ಬಗ್ಗುತ್ತದೆ.

1978ರಲ್ಲಿ ಲಂಡನ್ನಿನ ಅಲನ್ ಪಾರ್ಕ್ಸ್ ಮತ್ತು ಜಾನ್ ನಿಕೋಲ್ಸ್, ಇಂಥದೇ ಚೀಲವನ್ನು ಗುದದ್ವಾರಕ್ಕೇ ಜೋಡಿಸಿ ತೋರಿಸಿದರು. ಹೊಟ್ಟೆಯ ಮೇಲೆ ಶಾಶ್ವತ ತೂತಿನ ಅಗತ್ಯವೇ ಬೀಳಲಿಲ್ಲ. ಇಂದು ಬಹುತೇಕರಿಗೆ ಮಾಡುವುದು ಅದನ್ನೇ. ಕಾಕ್ ಪೌಚ್ ಹಿಂದೆ ಸರಿದಿದೆ. ಗುದದ ಸ್ನಾಯು ಸೋತವರಿಗೆ, ಆ ಇನ್ನೊಂದು ಚೀಲ ಕೈಕೊಟ್ಟವರಿಗೆ ಹೆಚ್ಚಾಗಿ ಅದು ಉಳಿದಿದೆ, ಮಾಡಬಲ್ಲ ವೈದ್ಯರೂ ವಿರಳ. ಆದರೆ ಸೀಳಿ ಮಡಚುವ ಕಾಕ್ ಅವರ ತತ್ವ ಆ ಹೊಸ ಚೀಲದಲ್ಲೂ, ಕೃತಕ ಮೂತ್ರಕೋಶದಲ್ಲೂ ಬದುಕಿದೆ.

ನಿಮ್ಮಲ್ಲಿ ಯಾರಿಗಾದರೂ ಕಾಕ್ ಪೌಚ್ ಆಗಲಿದ್ದರೆ ಅಥವಾ ಆಗಿದ್ದರೆ ಎರಡು ಮಾತು ಮರೆಯಬೇಡಿ. ಡಿಸ್ಚಾರ್ಜ್ ಆಗುವ ಮೊದಲು, ನರ್ಸ್ ನೋಡುತ್ತಿರುವಂತೆಯೇ, ನೀವೇ ಚೀಲ ಖಾಲಿ ಮಾಡಿ ಕಲಿತುಕೊಳ್ಳಿ. ನಳಿಕೆ ಹೋಗದಿದ್ದರೆ ಬಲವಂತ ಮಾಡದೆ ಮಲಗಿ ಸುಧಾರಿಸಿಕೊಂಡು ಮತ್ತೆ ನೋಡಿ, ಆಗಲೂ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಹೊರಡುವಾಗ ನಿಮ್ಮ ಕ್ಯಾತೆಟರ್ ಮತ್ತು ಶಸ್ತ್ರಚಿಕಿತ್ಸೆಯ ವಿವರವಿರುವ ಚೀಟಿ ಜೊತೆಗಿರಲಿ. ಅಲ್ಲಿನ ವೈದ್ಯರು ಇಂಥ ಚೀಲವನ್ನು ಮೊದಲ ಸಲ ನೋಡುತ್ತಿರಬಹುದು.