ಕವಳಿ ಪೊದೆಯ ಹಕ್ಕಿಗೆ ಖರ್ಚು ಕೊಡುವವರು ಯಾರು?

ಎಂ.ಎಸ್ಸಿ. ಮುಗಿಸಿದ ಮಗಳು "ನಮ್ಮ ಬಯಲಿನ ಪ್ರಾಣಿ ಪಕ್ಷಿಗಳ ಮೇಲೆ ಸಂಶೋಧನೆ ಮಾಡುತ್ತೇನೆ" ಎಂದರೆ, ಮನೆ ರಾಯದುರ್ಗದಲ್ಲಿರಲಿ ಮಡಕಶಿರಾದಲ್ಲಿರಲಿ, ಹಿರಿಯರು ಮೊದಲು ಕೇಳುವುದು ಒಂದೇ ಮಾತು: "ಸಂಬಳ ಯಾರು ಕೊಡ್ತಾರಮ್ಮ?" ಕೇಳಲು ಒರಟಾದರೂ ಪ್ರಶ್ನೆ ತಪ್ಪಲ್ಲ. ವಿಜ್ಞಾನಿಗಳೂ ಅದನ್ನೇ ಕೇಳುತ್ತಿದ್ದಾರೆ.

ನಮ್ಮ ಸೀಮೆ ಮಳೆ ಕಡಿಮೆಯ ಸೀಮೆ. ಹಗರಿ ನದಿಯ ಮರಳು ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳಿಗೆ ನುಗ್ಗುವುದನ್ನು ಕಂಡವರೇ ಬಲ್ಲರು. ಇಲ್ಲಿಯ ಕುರುಚಲು ಕಾಡು, ಹುಲ್ಲುಗಾವಲುಗಳು ಸರ್ಕಾರದ ಕಾಗದಪತ್ರಗಳಲ್ಲಿ ಬಹುಪಾಲು "ಬಂಜರು". ಬಂಜರು ಎಂದ ಮೇಲೆ ಅದನ್ನು ಅಭ್ಯಾಸ ಮಾಡಲು ಹಣ ಕೊಡುವವರು ವಿರಳ. ಹುಲಿ, ಆನೆ ಇರುವ ಮಲೆನಾಡಿಗೆ ಸಿಗುವಷ್ಟು ನೆರವು ತೋಳ, ಕೃಷ್ಣಮೃಗಗಳ ಬಯಲಿಗೆ ಸಿಗುವುದಿಲ್ಲ.

ಇದರಿಂದ ಆಗುವ ನಷ್ಟವೇನೆಂಬುದಕ್ಕೆ ಹತ್ತಿರದ್ದೇ ಉದಾಹರಣೆ ಇದೆ. ತೆಲುಗರು ಕಲಿವಿಕೋಡಿ ಎನ್ನುವ ಜೆರ್ಡನ್ ಕೋರ್ಸರ್ ಎಂಬ ಹಕ್ಕಿ ರಾತ್ರಿ ಹೊತ್ತು ಕವಳಿ ಪೊದೆಗಳ ನಡುವೆ ಓಡಾಡುವಂಥದು. 1848ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. 1900ರಲ್ಲಿ ಅನಂತಪುರದ ಸೀಮೆಯಲ್ಲಿ ಕಂಡದ್ದೇ ಕೊನೆ, ಆಮೇಲೆ ಅದು ಅಳಿದೇ ಹೋಯಿತೆಂದು ತಿಳಿದರು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್, ಸ್ಥಳೀಯ ಬೇಟೆಗಾರರ ನೆರವಿನಿಂದ ಕಡಪ ಜಿಲ್ಲೆಯಲ್ಲಿ ಅದನ್ನು ಮತ್ತೆ ಕಂಡರು. ಆಮೇಲೆ ಪಿ. ಜಗನ್ನಾಥನ್ ಎಂಬ ಯುವ ಸಂಶೋಧಕರು ಸಂಗಡಿಗರೊಡನೆ ಒಂದು ಉಪಾಯ ಹೂಡಿದರು. ಪೊದೆಗಳ ನಡುವೆ ನುಣುಪಾದ ಮಣ್ಣಿನ ಪಟ್ಟಿ ಹರಡುವುದು, ಬೆಳಿಗ್ಗೆ ಬಂದು ಹೆಜ್ಜೆಗುರುತು ನೋಡುವುದು, ಜೊತೆಗೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಇಡುವುದು. ಇದಕ್ಕೆ ಬ್ರಿಟಿಷ್ ಸರ್ಕಾರದ ಡಾರ್ವಿನ್ ಇನಿಶಿಯೇಟಿವ್ ನಿಧಿಯ ನೆರವಿತ್ತು. ಹಕ್ಕಿ ಎಲ್ಲೆಲ್ಲಿದೆ ಎಂಬ ಆ ದಾಖಲೆ ಕೈಯಲ್ಲಿದ್ದುದರಿಂದಲೇ, ತೆಲುಗು ಗಂಗಾ ಕಾಲುವೆಯ ಅಗೆತ ಅದರ ನೆಲೆಗೆ ಬಂದಾಗ ವಾದಿಸಿ ದಾರಿ ಬದಲಿಸಲು ಸಾಧ್ಯವಾಯಿತು. ಮಣ್ಣಿನ ಪಟ್ಟಿಗೆ ಎಷ್ಟು ಮಹಾ ಖರ್ಚು? ಖರ್ಚೆಲ್ಲ ಅದನ್ನು ದಿನವೂ ನೋಡುವ ಮನುಷ್ಯನ ಊಟ, ಬಾಡಿಗೆ, ಪ್ರಯಾಣದ್ದು.

ಆ ಮನುಷ್ಯನಿಗೆ ನಮ್ಮ ದೇಶದಲ್ಲಿ ಸಿಗುವ ಮುಖ್ಯ ಆಸರೆ ನೆಟ್ ಪರೀಕ್ಷೆ ಗೆದ್ದವರ ಜೂನಿಯರ್ ಫೆಲೋಶಿಪ್. 2023ರ ಜನವರಿಯಿಂದ ಅದನ್ನು ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿಸಿದ್ದಾರೆ. ಕೇಳಲು ಚೆನ್ನ. ಆದರೆ ಅದು ತಿಂಗಳು ತಿಂಗಳು ಸರಿಯಾಗಿ ಕೈಗೆ ಬರುವುದಿಲ್ಲವೆಂಬುದು ವಿದ್ಯಾರ್ಥಿಗಳ ಹಳೆಯ ದೂರು. ಇದಲ್ಲದೆ 2009ರಲ್ಲಿ ತೀರಿಕೊಂಡ ಪಕ್ಷಿವಿಜ್ಞಾನಿ ರವಿ ಶಂಕರನ್ ಅವರ ಹೆಸರಿನಲ್ಲಿ ಇನ್ಲಾಕ್ಸ್ ಪ್ರತಿಷ್ಠಾನ ಯುವಜನರಿಗೆ ಫೆಲೋಶಿಪ್ ಮತ್ತು ಸಣ್ಣ ನೆರವು ಕೊಡುತ್ತ ಬಂದಿದೆ. ಇಂಗ್ಲೆಂಡಿನ ರಫರ್ಡ್ ಪ್ರತಿಷ್ಠಾನದ್ದು ಮೆಟ್ಟಿಲ ಕ್ರಮ: ಮೊದಲ ಸಣ್ಣ ಮೊತ್ತದ ಕೆಲಸ ಮುಗಿಸಿ ತೋರಿಸಿದರೆ ಮುಂದಿನದಕ್ಕೆ ಅರ್ಜಿ ಹಾಕಬಹುದು. ಅಲ್ಲಿ ನಮ್ಮ ಹುಡುಗಿಯ ಪಕ್ಕದ ಸಾಲಿನಲ್ಲಿ ಕೀನ್ಯಾ, ಉಗಾಂಡ, ಮಡಗಾಸ್ಕರಿನ ಹುಡುಗರೂ ನಿಂತಿರುತ್ತಾರೆ. ಅವರ ಗೋಳೂ ಇದೇ. ಕಾಡು ಅವರದು, ಪ್ರಾಣಿ ಅವರದು, ಹಣದ ಚೀಲ ಮಾತ್ರ ಸಮುದ್ರದಾಚೆಗಿದೆ. 2020ರ ತಿದ್ದುಪಡಿಯಿಂದಾಗಿ ವಿದೇಶಿ ದೇಣಿಗೆ ಪಡೆದ ನಮ್ಮ ಸಂಸ್ಥೆಗಳು ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲವಾದ್ದರಿಂದ, ಸಣ್ಣ ಊರಿನ ಸಣ್ಣ ಸಂಘಗಳಿಗೆ ಆ ಚೀಲ ಇನ್ನೂ ದೂರವಾಗಿದೆ.

ದೊಡ್ಡ ಪ್ರಶಸ್ತಿಗಳೂ ಇವೆ. ಮಡಕಶಿರಾಕ್ಕೆ ನೆರೆಯ ತುಮಕೂರು ಜಿಲ್ಲೆಯ ಸಂಜಯ್ ಗುಬ್ಬಿ ಎಂಜಿನಿಯರಿಂಗ್ ಬಿಟ್ಟು ವನ್ಯಜೀವಿಗಳ ಕಡೆ ಹೊರಳಿದವರು. 2017ರಲ್ಲಿ 35,000 ಪೌಂಡಿನ ವಿಟ್ಲಿ ಪ್ರಶಸ್ತಿ ಪಡೆದರು. ಅದೇ ಜಿಲ್ಲೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ಅಭಯಾರಣ್ಯವಾಯಿತು. ನಮ್ಮದರಂಥದೇ ಕುರುಚಲು ಕಾಡು ಅದು! ಆದರೆ ಇಂಥ ಪ್ರಶಸ್ತಿ ಬರುವುದು ವರ್ಷಗಟ್ಟಲೆ ದುಡಿದ ಮೇಲೆ. ಹೆಸರಿಲ್ಲದ, ಪ್ರಬಂಧ ಪ್ರಕಟವಾಗದ ಮೊದಲ ಎರಡು ವರ್ಷ ಕೈಹಿಡಿಯುವವರು ಕಡಿಮೆ. ಹೆಚ್ಚಿನವರು ಬಿಟ್ಟುಹೋಗುವುದೂ ಆಗಲೇ.

ಆದ್ದರಿಂದ ಮಗಳು ಅರ್ಜಿ ಬರೆಯುವಾಗ ತಂದೆತಾಯಿಗಳು ಪಕ್ಕದಲ್ಲಿ ಕೂತರೆ ಒಳ್ಳೆಯದು. ಅದರಲ್ಲಿ ಖರ್ಚಿನ ಪಟ್ಟಿ ಎಂಬ ಪುಟವಿರುತ್ತದೆ. ಬಸ್ ಚಾರ್ಜು, ದಾರಿ ತೋರುವ ಕುರಿಗಾಹಿಯ ದಿನಗೂಲಿ, ಟಾರ್ಚಿನ ಸೆಲ್ಲು, ಮಳೆಗಾಲದಲ್ಲಿ ಕೆಲಸ ನಿಂತ ದಿನಗಳ ಬಾಡಿಗೆ ಎಲ್ಲವನ್ನೂ ಅಲ್ಲಿ ಕಾಣಿಸಬೇಕು. ಮಕ್ಕಳು ಸಂಕೋಚದಿಂದ ಕಡಿಮೆ ಬರೆದು ಆಮೇಲೆ ಕೈಯಿಂದ ಹಾಕಿಕೊಳ್ಳುತ್ತಾರೆ. ಅಂಗಡಿಯ ಲೆಕ್ಕ ಬರೆದು ಪಳಗಿದ ಕೈ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದಲ್ಲ, ಆ ಪುಟವನ್ನು ಅವರಿಗೆ ತೋರಿಸಿ.