ಕೊಡಿಗೇನಹಳ್ಳಿ: ಹೆಸರಿನಲ್ಲೇ ಉಳಿದ ದತ್ತಿ

ಮಧುಗಿರಿ ತಾಲೂಕಿನ ಹೋಬಳಿ ಕೇಂದ್ರ ಕೊಡಿಗೇನಹಳ್ಳಿ. ಹೆಸರು ಕೇಳಿದ ಕೂಡಲೇ ನೆನಪಾಗೋದು ಕೆರೆಯ ಕೋಡಿ. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಶಾಸನ ಓದೋದು ಕಲಿತ ಮೇಲೆ ಅನುಮಾನ ಶುರುವಾಯಿತು. ಕೋಡಿಯಲ್ಲಿರುವುದು ದೀರ್ಘ 'ಕೋ'. ಅದರಿಂದ ಹುಟ್ಟುವ ಹೆಸರು ಕೋಡಿಹಳ್ಳಿ. ಇಲ್ಲಿರುವುದು ಹ್ರಸ್ವ 'ಕೊ'. ಜೊತೆಗೆ ನಡುವಿನ 'ಗೆ' ಎಲ್ಲಿಂದ ಬಂತು ಅನ್ನೋದಕ್ಕೂ ಕೋಡಿ ಉತ್ತರ ಕೊಡಲ್ಲ.

ಉತ್ತರ ಇರುವುದು ಶಾಸನಗಳ ಭಾಷೆಯಲ್ಲಿ. 'ಕೊಡು' ಧಾತುವಿನಿಂದ ಬಂದ ಕೊಡಗೆ, ಕೊಡಂಗೆ, ಕೊಡಗಿ, ಕೊಡಿಗೆ ಎಲ್ಲವೂ ಒಂದೇ ಪದದ ರೂಪಗಳು. ಮಾಡಿದ ಕೆಲಸಕ್ಕೆ ಪ್ರತಿಯಾಗಿ, ತೆರಿಗೆಯಿಲ್ಲದೆ ಅಥವಾ ಕಡಿಮೆ ತೆರಿಗೆಗೆ ಬಿಟ್ಟ ಭೂಮಿ ಎಂದು ಅರ್ಥ. ಇದರಲ್ಲಿ ಬಗೆಗಳಿವೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಕೊಟ್ಟದ್ದು ನೆತ್ತರುಗೊಡಗೆ. ಊರ ಗೌಡನಿಗೆ ಕೊಟ್ಟದ್ದು ಗೌಡುಗೊಡಗೆ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಕೊಟ್ಟದ್ದು ಕಟ್ಟುಗೊಡಗೆ.

ಇನ್ನು 'ನ' ಕಡೆ ನೋಡೋಣ. ಕೆರೆಯ ಏರಿ, ಮನೆಯ ಬಾಗಿಲು ಅನ್ನುವ ಹಾಗೆ, ಕೊಡಿಗೆ ಕೊಟ್ಟ ಹಳ್ಳಿ 'ಕೊಡಿಗೆಯ ಹಳ್ಳಿ' ಆಗಬೇಕು. ಬಾಯಲ್ಲಿ ಅದು ಕೊಡಿಗೇಹಳ್ಳಿ. ಬೆಂಗಳೂರಿನ ಉತ್ತರಕ್ಕೆ ಇದೇ ಹೆಸರಿನ ಊರಿದೆ, ನಿಮಗೆ ಗೊತ್ತು. ಆದರೆ ನಮ್ಮ ಊರಿನಲ್ಲಿ 'ನ' ಇದೆ, ಅದು ಮನುಷ್ಯನನ್ನು ತೋರಿಸುವ ವಿಭಕ್ತಿ. ಮಲ್ಲಯ್ಯನಹಳ್ಳಿ ಮಲ್ಲೇನಹಳ್ಳಿ ಆಗುತ್ತಲ್ಲ, ಹಾಗೆ ಕೊಡಿಗೆಯವನ ಹಳ್ಳಿ, ಕೊಡಿಗೆಯಯ್ಯನ ಹಳ್ಳಿ ಸವೆದು ಕೊಡಿಗೇನಹಳ್ಳಿ ಆಗಿರಬೇಕು ಅನ್ನೋದು ನನ್ನ ಓದು. ಹಾಗಾದರೆ ಹೆಸರು ನೆನಪಿಟ್ಟಿರುವುದು ಭೂಮಿಯನ್ನಲ್ಲ, ಅದನ್ನು ಪಡೆದ ವ್ಯಕ್ತಿಯನ್ನು.

ಕಟ್ಟುಗೊಡಗೆಯ ಲೆಕ್ಕಾಚಾರ ಇಂಜಿನಿಯರ್ ಆದ ನನಗೆ ಬಹಳ ಹಿಡಿಸುತ್ತದೆ. ಕೆರೆ ಕಟ್ಟಿದರೆ ಕೆಲಸ ಮುಗಿಯಲ್ಲ. ಪ್ರತಿ ವರ್ಷ ಹೂಳು ತುಂಬುತ್ತೆ, ಏರಿ ಕುಸಿಯುತ್ತೆ, ತೂಬು ಸೋರುತ್ತೆ. ಪೆನ್ನಾರ್ ಜಲಾನಯನದಲ್ಲೇ, ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನ ನೋಡಿ: ವಿಜಯನಗರದ ರಾಜಕುಮಾರ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿದಾಗ ದಿನಕ್ಕೆ ಸಾವಿರ ಆಳು, ನೂರು ಗಾಡಿ, ಎರಡು ವರ್ಷ ಬೇಕಾಯಿತು. ಅದು ಅರಮನೆಯ ಬೊಕ್ಕಸದ ಮಾತು. ದೇವರಾಯನದುರ್ಗದಲ್ಲಿ ಹುಟ್ಟಿ ಉತ್ತರಕ್ಕೆ ಹರಿದು ಪೆನ್ನಾರ್ ಸೇರುವ ಜಯಮಂಗಲಿಯ ಸೀಮೆಯಂಥ ಬರಡು ನಾಡಿನಲ್ಲಿ, ಸಣ್ಣ ಊರಿನ ಸಣ್ಣ ಕೆರೆಗೆ ಅಷ್ಟು ದುಡ್ಡು ಎಲ್ಲಿಂದ ತರೋದು? ಅದಕ್ಕೆ ಕೂಲಿಯ ಬದಲು ಭೂಮಿ. ಅನೇಕ ಶಾಸನಗಳಲ್ಲಿ ಆ ಭೂಮಿ ಅದೇ ಕೆರೆಯ ಕೆಳಗಿನ ಗದ್ದೆ. ಅಳತೆ ಇಷ್ಟು ಖಂಡುಗ, ಇಷ್ಟು ಕೊಳಗ ಬೀಜ ಬಿತ್ತುವ ಜಾಗ ಅಂತ. 20 ಕೊಳಗ ಒಂದು ಖಂಡುಗ. ಕೆರೆ ಒಣಗಿದರೆ ಮೊದಲು ಒಣಗೋದು ನೋಡಿಕೊಳ್ಳುವವನ ಗದ್ದೆಯೇ. ಬೇರೆ ದಂಡ ಬೇಕಿಲ್ಲ.

ಈ ಪದ್ಧತಿಗೆ ಆಯುಸ್ಸೂ ಜಾಸ್ತಿ. 19ನೇ ಶತಮಾನದ ಮೈಸೂರು ಕಂದಾಯ ದಾಖಲೆಗಳಲ್ಲೂ 'ಕೊಡಗಿ ಇನಾಂ' ಕೆರೆ ಕಟ್ಟಿದವರ, ದುರಸ್ತಿ ಮಾಡಿದವರ ಜಮೀನಾಗಿಯೇ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಊರಿನ ಹೆಸರು ಕೊಡಿಗೆ ಇತ್ತು ಎಂದಷ್ಟೇ ಹೇಳುತ್ತದೆ. ಅದು ಕೆರೆಯದೋ, ನೆತ್ತರಿನದೋ, ಗೌಡಿಕೆಯದೋ ಎಂದು ಹೇಳಬೇಕಾದದ್ದು ಕಲ್ಲು. ಈ ಭಾಗದ ಕಲ್ಲುಗಳನ್ನು ಹುಡುಕುವವರು ಬಿ. ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೇ ಸಂಪುಟದಿಂದ ಶುರುಮಾಡಿ. ಅಲ್ಲಿ ತಾಲೂಕಿನ ಹೆಸರು ಮದ್ದಗಿರಿ.

ಆಮೇಲೆ ಊರಿಗೇ ಹೋಗಿ. ಕೆರೆ ಏರಿ, ತೂಬು, ಕೋಡಿ, ಹಳೇ ಗದ್ದೆಯ ಬದು ನೋಡಿ. ಹೊಲಗಳ ಹೆಸರು ಹಿರಿಯರನ್ನು ಕೇಳಿ ಬರೆದುಕೊಳ್ಳಿ, ಅವು ಯಾವ ಸಂಪುಟದಲ್ಲೂ ಸಿಗಲ್ಲ. ಅಕ್ಷರ ಕಂಡರೆ ಸುಣ್ಣ, ಬಣ್ಣ ಹಚ್ಚಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಲ್ಲಿ ಫೋಟೊ ತೆಗೆದರೆ ಸವೆದ ಗೆರೆಯೂ ಎದ್ದು ಕಾಣುತ್ತೆ. ಏರಿ ದುರಸ್ತಿಗೆ ಜೆಸಿಬಿ ಬಂದ ದಿನ ಅಂಥ ಕಲ್ಲು ಮಣ್ಣಿನಡಿ ಸೇರಿದರೆ, ಕೊಡಿಗೆ ಪಡೆದವನ ಹೆಸರೂ ಅದರ ಜೊತೆಗೇ ಹೋಗುತ್ತದೆ.